ಮಗ್ಗುಲು ಬದಲಿಸುವವರು

“ಈ ಜೀವ ಎಷ್ಟು ದಿನದಿಂದ ಒಂದೇ ಮಗ್ಗುಲಲ್ಲಿ ಮಲಗಿದೆ?”

ಚೀಲದಕ್ಕ ಕೇಳಿದ್ದು ಯಾರನ್ನೂ ಅಲ್ಲ. ಒದ್ದೆ ಬೆಡ್‌ಶೀಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನಿಂತಿದ್ದಳು. ಚರ್ಚಿನ ಹಿಂಭಾಗದ ಆ ಒಗೆಯುವ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಬಟ್ಟೆ ಏನೇ ಹೇಳಿದರೂ ಅದರ ಬಗ್ಗೆ ಒಬ್ಬರು ಇನ್ನೊಬ್ಬರನ್ನು ಕೇಳುವಂತಿಲ್ಲ. ಕೇಳದೆ ಇರಲಾರೆ ಅನ್ನಿಸಿದರೆ ಗೋಡೆಯನ್ನು ಕೇಳಬಹುದು, ನಲ್ಲಿಯನ್ನು ಕೇಳಬಹುದು. ಗೋಡೆ ಮನೆಮನೆಗೆ ಹೋಗಿ ಹೇಳುವುದಿಲ್ಲವಲ್ಲ.

ಊರಿನಲ್ಲಿ ಹಾಸಿಗೆ ಹಿಡಿದವರು ಯಾವ ಬೀದಿಯಲ್ಲಿ ಇಲ್ಲ? ಔಷಧಿ ಕುಡಿಸುವುದಕ್ಕೆ ನೆಂಟರು ಸಿಗುತ್ತಾರೆ, ನೋಡಿ ಲೊಚಗುಟ್ಟುವುದಕ್ಕೆ ನೆರೆಯವರು ಸಿಗುತ್ತಾರೆ. ಹೊಲಸಾದ ಬೆಡ್‌ಶೀಟು ಒಗೆಯುವುದಕ್ಕೆ ಮಾತ್ರ ಯಾರೂ ಸಿಗುವುದಿಲ್ಲ. ಆ ಸಣ್ಣ ಸಭೆಯ ಏಳೆಂಟು ಮಂದಿ ಅದನ್ನೇ ಆರಿಸಿಕೊಂಡಿದ್ದರು. ಉಪದೇಶವಿಲ್ಲ, ಫಲಕವಿಲ್ಲ. ಮನೆಯವರು ಕೊಳೆಯಾದದ್ದನ್ನು ಚೀಲಕ್ಕೆ ತುಂಬಿ ಹಿಂಬಾಗಿಲ ಮೊಳೆಗೆ ತೂಗುಹಾಕಿದರೆ ಸಾಕು. ಬೆಳಗ್ಗೆ ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಮಾಡುವ ಚೀಲದಕ್ಕ ಮಧ್ಯಾಹ್ನ ಕೈಗಾಡಿ ತಳ್ಳಿಕೊಂಡು ಬಂದು, ಬಾಗಿಲು ತಟ್ಟದೆ, ಕೊಳೆಯ ಚೀಲ ಇಳಿಸಿಕೊಂಡು ಮಡಿಚಿಟ್ಟ ಚೀಲ ತೂಗುಹಾಕಿ ಹೋಗುತ್ತಿದ್ದಳು. ಒಂದೊಂದು ಮನೆಯ ಬಟ್ಟೆಯ ಮೂಲೆಗೂ ಒಂದೊಂದು ಬಣ್ಣದ ದಾರ. ಯಾವ ಬಣ್ಣ ಯಾರ ಮನೆ ಎನ್ನುವುದು ಅವಳೊಬ್ಬಳಿಗೆ ಗೊತ್ತು. ಒಗೆಯುವವರಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು.

ಯಂತ್ರಗಳು ಎರಡಿದ್ದವು. ಯಂತ್ರಕ್ಕೆ ಬಗ್ಗದ ಕಲೆಯನ್ನು ಕಲ್ಲಿನ ತೊಟ್ಟಿಯಲ್ಲಿ ಕೈಯಿಂದಲೇ ಜಾಲಿಸಬೇಕು. ಎಷ್ಟು ಹೊತ್ತು ಎಂಬುದಕ್ಕೆ ಅವರಿಗೆ ಗಡಿಯಾರ ಬೇಕಿರಲಿಲ್ಲ; ಬಾಯಲ್ಲಿ ಒಂದು ಕೀರ್ತನೆ ಹಿಡಿದರೆ ಅದು ಮುಗಿಯುವ ತನಕ ಕೈ ನೀರಿನಲ್ಲೇ ಇರಬೇಕು. ಅವಸರದ ದಿನ ಯಾರಾದರೂ ಗಿಡ್ಡ ಕೀರ್ತನೆ ಹಿಡಿದರೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ನರ್ಸಮ್ಮ ಅಲ್ಲೇ ಹಿಡಿಯುತ್ತಿದ್ದಳು: “ಏನಮ್ಮ, ಇವತ್ತು ದೇವರ ಹತ್ರಾನೂ ಅಡ್ಡದಾರಿನಾ?”

ಈಗ ನರ್ಸಮ್ಮ ಬೆಡ್‌ಶೀಟಿನ ಮೇಲಿನ ಹಳದಿ-ಕೆಂಪು ಉಂಗುರದ ಕಡೆ ಒಂದು ಸಲ ನೋಡಿ, ನಲ್ಲಿಯ ಕಡೆ ತಿರುಗಿ ಹೇಳಿದಳು. “ಸೊಂಟದ ಮೂಳೆ ಒತ್ತೋ ಜಾಗ. ಮೊದಮೊದಲು ಬರೀ ಕೆಂಪಗಿರುತ್ತೆ. ಇದು ಬಾಯಿ ಬಿಟ್ಟಿದೆ. ಹಿಂಗೇ ಬಿಟ್ರೆ ಮೂಳೆಗೆ ಇಳಿಯುತ್ತೆ. ಕೇಳಿಸ್ತಾ?”

ನಲ್ಲಿ ತೊಟ್ಟಿಕ್ಕಿತು. ಚೀಲದಕ್ಕನಿಗೆ ಕೇಳಿಸಿತು. ಮೂಲೆಯಲ್ಲಿದ್ದ ಹಳದಿ ದಾರವನ್ನು ಬೆರಳಲ್ಲಿ ಸವರಿದಳು. ಅದು ಕ್ಷೌರದಂಗಡಿಯ ಕತ್ತರಿಯಣ್ಣನ ಮನೆ. ಅವನಿಗೆ ಹೇಗೆ ಹೇಳುವುದು? ಬಟ್ಟೆ ಕೊಟ್ಟವನಿಗೆ ಬಟ್ಟೆಯ ಮಾತು ಆಡುವುದಿಲ್ಲವೆಂಬ ನಂಬಿಕೆಯಿಂದಲೇ ಅವನು ಚೀಲ ತೂಗುಹಾಕುತ್ತಿದ್ದದ್ದು.

ಕೋಣೆಯ ಆ ತುದಿಯಲ್ಲಿ ಇಸ್ತ್ರಿ ತಾತ ಒಣಗಿದ ಬಟ್ಟೆ ಕೊಡವುತ್ತಿದ್ದರು. ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬಾವುಟ ಬೀಸಿ ಪಳಗಿದ ಕೈ. ಅವರು ಬೆಡ್‌ಶೀಟು ಕೊಡವಿದರೆ ಎಲ್ಲೋ ಒಂದು ರೈಲು ಹೊರಟಿತು ಎಂದು ಹೆಂಗಸರು ನಗುತ್ತಿದ್ದರು. ಹಳದಿ ದಾರದ ಇನ್ನೊಂದು ಬೆಡ್‌ಶೀಟನ್ನು ಕೊಡವಿದಾಗ ಅಂಚಿನ ಮಡಿಕೆಯಿಂದ ಚೂರು ಚೂರು ಕೂದಲು ಉದುರಿದವು. ಕರಿ ಕೂದಲು, ನರೆ ಕೂದಲು, ಎಲ್ಲ ಒಂದೇ ಅಳತೆ. ಒಬ್ಬರ ತಲೆಯವಲ್ಲ. ತಾತನಿಗೆ ಮನೆ ಯಾವುದೆಂದು ತಿಳಿದುಹೋಯಿತು. ನಲ್ಲಿಗೆ ಹೇಳಿದ ಮಾತೂ ಅವರ ಕಿವಿಗೆ ಬಿದ್ದಿತ್ತು. ಪದ್ಧತಿಯಂತೆ ತುಟಿ ಬಿಚ್ಚಲಿಲ್ಲ. ಆದರೆ ಎದೆ ಭಾರವಾಯಿತು. ಭಾರವಾದ ಎದೆಯನ್ನು ಹೊತ್ತುಕೊಂಡು ಅವರು ಸಂಜೆ ಪ್ರಾರ್ಥನಾ ಕೂಟಕ್ಕೆ ಹೋದರು.

ಅಲ್ಲೇ ಆದದ್ದು ತಪ್ಪು. ತಾತನ ಪ್ರಾರ್ಥನೆ ದೇವರಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಮುಟ್ಟುತ್ತದೆ ಎಂದು ಊರೇ ಆಡಿಕೊಳ್ಳುತ್ತಿತ್ತು. ಕೂಟ ನಡೆದ ಮನೆ ಬೀದಿಗೆ ತಾಗಿದ್ದು. ಸೆಕೆಗೆ ಕಿಟಕಿ ತೆರೆದಿಟ್ಟಿದ್ದರು. ಹೆಸರು ಹೇಳಬಾರದೆಂಬ ಎಚ್ಚರ ತಾತನಿಗೆ ಇತ್ತು. ಹೆಸರು ಹೇಳಲಿಲ್ಲ. “ತಂದೆಯೇ,” ಎಂದರು ಕಣ್ಣು ಮುಚ್ಚಿ, “ಕತ್ತರಿ ಹಿಡಿದು ಈ ಊರಿನ ತಲೆಗಳನ್ನೆಲ್ಲ ಚೆಂದ ಮಾಡುವ ನಿನ್ನ ಮಗನ ಮನೆಯಲ್ಲಿ, ಒಂದೇ ಮಗ್ಗುಲಲ್ಲಿ ಮಲಗಿರುವ ನಿನ್ನ ಮಗಳ ಸೊಂಟದ ಹುಣ್ಣನ್ನು ನೀನೇ ಮುಟ್ಟು.” ಹೆಸರನ್ನು ಮರೆಮಾಡಿ, ಮನುಷ್ಯನನ್ನೇ ಎತ್ತಿ ತೋರಿಸಿಬಿಟ್ಟರು. ಕಣ್ಣು ಮುಚ್ಚಿದರೆ ಕೇಳುವವನು ದೇವರೊಬ್ಬನೇ ಎಂದು ಭಕ್ತರಿಗೆ ಅನ್ನಿಸಿಬಿಡುತ್ತದೆ.

ಮಾರನೆಯ ಬೆಳಗ್ಗೆ ಕತ್ತರಿಯಣ್ಣನ ಅಂಗಡಿಯ ಕುರ್ಚಿಯಲ್ಲಿ ಕೂತ ಗಿರಾಕಿ, ಗಲ್ಲಕ್ಕೆ ನೊರೆ ಹತ್ತುತ್ತಿದ್ದಂತೆ ಕನ್ನಡಿಯೊಳಗಿಂದಲೇ ಕೇಳಿದ. “ಮನೆಯವರ ಸೊಂಟದ ಹುಣ್ಣು ಈಗ ಹೇಗಿದೆ ಅಣ್ಣ? ಪಾಪ, ಮೊದಲೇ ಹೇಳಬಾರದಿತ್ತಾ?”

ಬೆಂಚಿನ ಮೇಲೆ ಕೂತಿದ್ದವರು ಪತ್ರಿಕೆ ಇಳಿಸಿದರು.

ಕತ್ತರಿಯಣ್ಣನ ಹೆಂಡತಿಯನ್ನು ಊರು ಟಿಕೆಟ್ಟಮ್ಮ ಎನ್ನುತ್ತಿತ್ತು. ಸಿನಿಮಾ ಮಂದಿರದ ಟಿಕೆಟ್ ಕಿಂಡಿಯ ಹಿಂದೆ ಕೂತು, ಕೈಬೆರಳು ನೋಡಿಯೇ ಯಾರೆಂದು ಗುರುತಿಸುತ್ತಿದ್ದವಳು. ಪಾರ್ಶ್ವವಾಯು ಬಡಿದ ಮೇಲೆ ಎಡಭಾಗ ಅವಳ ಮಾತು ಕೇಳಲಿಲ್ಲ. ನಾಲಗೆ ಮಾತ್ರ ಎಂದಿನಂತೆ ಚೂಪಾಗಿತ್ತು. “ನೋಡಿಕೊಳ್ಳೋಕಾಗದಿದ್ರೆ ಹೇಳು, ಯಾವುದಾದ್ರೂ ಆಶ್ರಮಕ್ಕೆ ಸೇರಿಸ್ತೀನಿ,” ಎಂದು ಅವಳ ಅಣ್ಣ ಆಗಲೇ ಹೇಳಿ ಹೋಗಿದ್ದ. “ನಾನಿರೋವರೆಗೆ ಇವಳು ಈ ಮನೆ ಬಿಟ್ಟು ಹೋಗಲ್ಲ,” ಎಂದು ಕತ್ತರಿಯಣ್ಣ ಅವನೆದುರು ಎದೆ ತಟ್ಟಿದ್ದ. ಈಗ ಸೊಂಟದ ಹುಣ್ಣು ಅವನ ಮಾತನ್ನು ಸುಳ್ಳು ಮಾಡುವ ಸಾಕ್ಷಿಯಾಗಿ ಕೂತಿತ್ತು. ಸುದ್ದಿಗೆ ಕಾಲು ಬೇಕಾ? ಸಂಜೆಯೊಳಗೆ ಭಾವನ ಫೋನು ಬಂತು. “ತಿಂಗಳ ಕೊನೆಗೆ ಬರ್ತೀನಿ. ಕಣ್ಣಾರೆ ನೋಡ್ತೀನಿ. ಹುಣ್ಣು ಇದ್ರೆ ಅವತ್ತೇ ಕರ್ಕೊಂಡು ಹೋಗೋದೇ.”

ಆ ವಾರ ಹಿಂಬಾಗಿಲ ಮೊಳೆಯಲ್ಲಿ ಚೀಲ ಇರಲಿಲ್ಲ.

ಖಾಲಿ ಮೊಳೆ ನೋಡಿದ ಚೀಲದಕ್ಕ ನೇರ ಒಗೆಯುವ ಕೋಣೆಗೆ ಬಂದು, ಮೊದಲ ಬಾರಿ, ಗೋಡೆಯನ್ನಲ್ಲ ಮನುಷ್ಯನನ್ನು ಕೇಳಿದಳು. “ತಾತ, ಕೂಟದಲ್ಲಿ ಏನಂತ ಪ್ರಾರ್ಥನೆ ಮಾಡಿದ್ರಿ?”

ತಾತ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೇ ಕೇಳಿಸಿತು. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಟ್ಟರು.

“ಹೆಸರು ಹೇಳಲಿಲ್ಲಮ್ಮ,” ಎಂದರು ಸಣ್ಣ ದನಿಯಲ್ಲಿ.

“ಊರಿಗೆಲ್ಲ ಇರೋದು ಒಂದೇ ಕತ್ತರಿ, ತಾತ.”

 ತಾತ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಚೀಲದಕ್ಕನೂ ಗಾಡಿ ಹಿಂದಕ್ಕೆ ತಿರುಗಿಸಿದಳು.

ಅಂಗಡಿಯಲ್ಲಿ ಅಷ್ಟು ಹೊತ್ತಿನಲ್ಲಿ ಗಿರಾಕಿ ಇರಲಿಲ್ಲ. ತಾತ ಒಳಗೆ ಬಂದವರೇ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚೆಲ್ಲಿದರು. ಕತ್ತರಿಯಣ್ಣ ಕನ್ನಡಿಯಲ್ಲಿ ಆ ಮುಖ ನೋಡಿದ. ಬಟ್ಟೆ ಹೊದಿಸಿದ, ನೊರೆ ಹಚ್ಚಿದ, ಕ್ಷೌರದ ಕತ್ತಿಗೆ ಹೊಸ ಬ್ಲೇಡು ಹಾಕಿದ. 

“ನಾನೇ ಆ ಪ್ರಾರ್ಥನೆ ಮಾಡಿದವನು,” ಎಂದರು ತಾತ.

“ಗೊತ್ತು. ಅಲ್ಲಾಡಬೇಡಿ.”

ಕತ್ತಿ ಗಂಟಲ ಗುಬುಟಿನ ಮೇಲಿತ್ತು. ತಾತ ಉಗುಳು ನುಂಗಲೂ ಹೆದರಿದರು.

“ನಿಮ್ಮ ಬಾಯಿ ದೊಡ್ಡದು ಅಂತ ಗೊತ್ತಿತ್ತು, ಯಜಮಾನ್ರೆ. ನನ್ನ ಮನೆ ಅದರೊಳಗೆ ಹಿಡಿಸುತ್ತೆ ಅಂತ ಗೊತ್ತಿರಲಿಲ್ಲ.” ಕತ್ತಿ ಕೆಳಗಿಂದ ಮೇಲಕ್ಕೆ ಹೋಯಿತು, ಒರಸಿಕೊಂಡಿತು, ಮತ್ತೆ ಬಂತು. “ಅವಳು ಕಿಂಡಿಯೊಳಗೆ ಕೂತು ಜನ ನೋಡಿ ಬದುಕಿದವಳು. ಅದಕ್ಕೇ ಕಿಟಕಿ ಕಡೆ ತಿರುಗಿಸಿ ಮಲಗಿಸಿ ಬರ್ತೀನಿ. ಮಧ್ಯಾಹ್ನ ಹೋದಾಗ ಗೋಡೆ ಕಡೆ ತಿರುಗಿಸ್ತೀನಿ, ಸಪ್ಪಗಾಗ್ತಾಳೆ. ನೋಡೋಕಾಗಲ್ಲ. ಮತ್ತೆ ಕಿಟಕಿಗೇ ತಿರುಗಿಸ್ತೀನಿ. ಎಡಗಡೆಗೆ ಸ್ಪರ್ಶ ಇಲ್ಲ, ಅವಳಿಗೆ ನೋವಾಗಲಿಲ್ಲ. ನನಗೆ ತಿಳೀಲಿಲ್ಲ. ಇದೇ ನಾನು ಮಾಡಿದ ಪಾಪ. ಹೋಗಿ, ಇದನ್ನೂ ಕಿಟಕಿ ತೆರೆದು ಕೂಗಿ.”

ತಾತನ ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ನೊರೆಗೆ ಸೇರಿತು. ಹೆಂಡತಿಗೆ ಬೀದಿ ಕಾಣಲಿ ಎಂದು ಮಾಡಿದ ಪ್ರೀತಿಯೇ ಹುಣ್ಣಾಗಿತ್ತು. ಅವಳು ಗುಣವಾಗಲಿ ಎಂದು ಮಾಡಿದ ಪ್ರಾರ್ಥನೆ ಅದರ ಮೇಲೆ ಉಪ್ಪಾಗಿತ್ತು. ಯಾರನ್ನು ಬೈಯುವುದು?

“ತಪ್ಪಾಯ್ತಪ್ಪ,” ಎಂದರು. ಅದಕ್ಕಿಂತ ಹೆಚ್ಚಿಗೆ ಅವರಿಗೆ ಬರಲಿಲ್ಲ. ಎಲ್ಲ ಕೂಟಗಳಲ್ಲೂ ದೀರ್ಘವಾಗಿ ಪ್ರಾರ್ಥಿಸುತ್ತಿದ್ದವರ ಬಾಯಿಂದ ಬಂದ ಅತಿ ಗಿಡ್ಡ ಪ್ರಾರ್ಥನೆ ಅದೇ ಇರಬೇಕು.

ಕತ್ತರಿಯಣ್ಣ ಮುಖ ಒರಸಿ, ಹೊದಿಸಿದ್ದ ಬಟ್ಟೆ ತೆಗೆದ. ಎಲ್ಲೂ ಒಂದು ಗೀರೂ ಬಿದ್ದಿರಲಿಲ್ಲ. “ಮುಗೀತು, ಏಳಿ.” ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಅದೇ ಹೊತ್ತಿಗೆ ಚೀಲದಕ್ಕ ಅವನ ಮನೆಯ ಹಿಂಬಾಗಿಲಲ್ಲಿ ಖಾಲಿ ಮೊಳೆಯ ಮುಂದೆ ನಿಂತಿದ್ದಳು. ತಟ್ಟುವ ಪದ್ಧತಿ ಇಲ್ಲ. ಹೋಗಲು ಕಾಲು ಬರುತ್ತಿಲ್ಲ. ಒಳಗಿಂದ ಒಂದು ದನಿ ಬಂತು.

“ಯಾರದು? ಟಿಕೆಟ್ ಬೇಕಾದ್ರೆ ಮುಂದೆ ಬನ್ನಿ, ಹಿಂದಿನಿಂದ ಬಿಡಲ್ಲ.”

ಚೀಲದಕ್ಕನಿಗೆ ನಗು ಬಂತು, ಅಳುವೂ ಬಂತು. “ನಾನು, ಚೀಲ ತಗೊಂಡು ಹೋಗೋಳು.”

“ಅಯ್ಯೋ, ಗಾಡಿಯ ಕಿರ್ರ್ ಸದ್ದಿನವಳು! ಇಷ್ಟು ದಿನ ಬರೀ ಸದ್ದು ಕೇಳಿದ್ದು. ಒಳಗೆ ಬಾಮ್ಮ, ಮುಖ ತೋರಿಸು.”

ಒಳಗೆ ಅಚ್ಚುಕಟ್ಟಾದ ಕೋಣೆ. ತಲೆದಿಂಬು, ನೀರಿನ ಲೋಟ, ಬಲಗೈಗೆ ಎಟಕುವಂತೆ ಬೀಸಣಿಗೆ. ಅವಳ ಕೂದಲನ್ನು ಯಾರೋ ಬಲ್ಲವರು ಓರಣವಾಗಿ ಕತ್ತರಿಸಿದ್ದರು, ಗಂಡನೇ ಇರಬೇಕು. ಕಿಟಕಿಯ ಆಚೆ ಬೀದಿ. ಅಷ್ಟೆಲ್ಲದರ ನಡುವೆ, ಔಷಧಿಯ ವಾಸನೆಯ ಕೆಳಗೆ, ಇನ್ನೊಂದು ವಾಸನೆ.

“ಕಿಟಕಿ ಕೆಳಗೆ ಹೋಗೋರೆಲ್ಲ ನನ್ನ ಕಡೆ ಅಯ್ಯೋ ಪಾಪ ಅಂತ ನೋಡ್ತಾರೆ,” ಎಂದಳು ಟಿಕೆಟ್ಟಮ್ಮ. “ಏನಂತ ಇವರನ್ನ ಕೇಳಿದ್ರೆ ಏನಿಲ್ಲ ಅಂತಾರೆ. ಮೈ ನಂದು. ಊರಿಗೆಲ್ಲ ಗೊತ್ತಿದೆ, ನನಗೊಬ್ಬಳಿಗೆ ಗೊತ್ತಿಲ್ಲ. ಇದು ಯಾವ ನ್ಯಾಯ? ನೀನಾದ್ರೂ ಹೇಳು.”

ಚೀಲದಕ್ಕ ಮಂಚದ ಪಕ್ಕ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಡ್‌ಶೀಟು ಏನು ಹೇಳಿತು, ನರ್ಸಮ್ಮ ನಲ್ಲಿಗೆ ಏನು ಹೇಳಿದಳು, ತಾತ ದೇವರಿಗೆ ಏನು ಹೇಳಿದರು. ಟಿಕೆಟ್ಟಮ್ಮ ಬೀಸಣಿಗೆಯನ್ನು ಅವಳ ಕಡೆ ಚಾಚಿದಳು.

“ಗೋಡೆಗೆ ಹೇಳಿದ್ರಿ, ನಲ್ಲಿಗೆ ಹೇಳಿದ್ರಿ, ದೇವರಿಗೂ ಹೇಳಿದ್ರಿ. ಬಾಗಿಲು ತಟ್ಟಿ ನನಗೆ ಹೇಳೋಕೆ ಏನಾಗಿತ್ತು ನಿಮಗೆಲ್ಲ?”

 ಬಾಗಿಲು ತಟ್ಟದ ಪದ್ಧತಿಯನ್ನು ಕಟ್ಟಿದವಳು ಚೀಲದಕ್ಕನೇ.

“ಸರಿ ಬಿಡು. ಈಗ ತಿರುಗಿಸು ನನ್ನ. ಗೋಡೆನೂ ನೋಡೋಣ, ಅದೇನು ಸಿನಿಮಾ ತೋರಿಸುತ್ತೋ.”

ಚೀಲದಕ್ಕ ಬೀದಿಯ ಮೂಲೆಗೆ ಓಡಿ ನರ್ಸಮ್ಮನಿಗೆ ಫೋನು ಮಾಡಿದಳು. ನರ್ಸಮ್ಮ ಜೊತೆಗೆ ಒಗೆಯುವವರಲ್ಲಿ ಇನ್ನೊಬ್ಬಳನ್ನು ಕರೆದುಕೊಂಡು, ಹತ್ತಿ, ಔಷಧಿ ನೀರು ಹಿಡಿದು ಬಂದಳು. ಮೂವರೂ ಸೇರಿ ಅವಳನ್ನು ಎತ್ತಿದ ಬಗೆಯನ್ನು ನೋಡಬೇಕಿತ್ತು. ಎಳೆಯಲಿಲ್ಲ, ಜಗ್ಗಲಿಲ್ಲ, ಕೆಳಗಿನ ಬಟ್ಟೆಯ ಅಂಚುಗಳನ್ನು ಹಿಡಿದು, ತುಂಬಿದ ಪಾತ್ರೆಯ ನೀರು ತುಳುಕದಂತೆ ಎತ್ತುವವರ ಹಾಗೆ ಎತ್ತಿ ತಿರುಗಿಸಿದರು. ಹುಣ್ಣು ಕಂಡಾಗ ಯಾರೂ ಉಶ್ಶ್ ಎನ್ನಲಿಲ್ಲ, ಮೂಗು ಮುಚ್ಚಲಿಲ್ಲ. ನರ್ಸಮ್ಮ ತೊಳೆದಳು. ಇನ್ನೊಬ್ಬಳು ಗೋಡೆಗೆ ಬೆನ್ನು ಕೊಟ್ಟು, ಟಿಕೆಟ್ಟಮ್ಮನ ಕಣ್ಣೆದುರಿಗೆ ಬರುವಂತೆ ಕೂತು, ಅವಳ ಬಲಗೈ ಹಿಡಿದುಕೊಂಡಳು.

ಆಗ ಕತ್ತರಿಯಣ್ಣ ಊಟಕ್ಕೆ ಬಂದ. ಬಾಗಿಲಲ್ಲೇ ನಿಂತ.

“ಯಾರ್ರೀ ನಿಮ್ಮನ್ನ ಒಳಗೆ ಬಿಟ್ಟಿದ್ದು?”

“ನಾನು,” ಎಂದಳು ಟಿಕೆಟ್ಟಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡೇ.

“ನಾವು ನಿಮ್ಮ ಚರ್ಚಿನವರಲ್ಲ. ನಮಗೆ ನಿಮ್ಮ ದಯೆ ಬೇಡ.”

“ಹುಣ್ಣಿಗೆ ಜಾತಿ-ಚರ್ಚು ಇಲ್ಲಣ್ಣ,” ಎಂದಳು ನರ್ಸಮ್ಮ, ಕೈ ನಿಲ್ಲಿಸದೆ. “ಅದಕ್ಕೆ ಬೇಕಿರೋದು ಗಾಳಿ, ಶುಚಿ, ಹಗಲೆಲ್ಲ ಆಗಾಗ ಮಗ್ಗುಲು ಬದಲಿಸೋರು. ನೀವು ಅಂಗಡಿ ಬಿಟ್ಟು ಕೂತ್ರೆ ಮನೆ ನಡೆಯಲ್ಲ. ನಾವು ಸರದಿ ಹಾಕ್ಕೊಂಡು ಬರ್ತೀವಿ. ಬೈಯೋದಿದ್ರೆ ದಿನಾ ಬೈಯಿರಿ, ಅದನ್ನೂ ಕೇಳಿಸ್ಕೊಂಡು ಹೋಗ್ತೀವಿ.”

“ಇವಳಣ್ಣ ಬರ್ತಾನೆ ತಿಂಗಳ ಕೊನೆಗೆ.” ಅವನು ಒಂದು ಹೆಜ್ಜೆ ಒಳಗಿಟ್ಟ. “ಇವಳನ್ನ ಕರ್ಕೊಂಡು ಹೋಗ್ತಾನೆ.”

“ಹಂಗಾದ್ರೆ ಜಗಳಕ್ಕೆ ಟೈಮಿಲ್ಲ. ಆ ಕಡೆ ಹಿಡೀರಿ, ಮಂಚ ಗೋಡೆ ಬಿಟ್ಟು ಕೋಣೆಯ ನಡುವಿಗೆ ಬರಲಿ.”

ಅವನು ಹಿಡಿದ. ಅಂದಿನಿಂದ ಮಂಚ ನಡುವಿಗೆ ಬಂತು. ಒಂದು ಮಗ್ಗುಲಿಗೆ ಕಿಟಕಿ, ಇನ್ನೊಂದು ಮಗ್ಗುಲಿಗೆ ಕುರ್ಚಿ. ಆ ಕುರ್ಚಿ ಖಾಲಿ ಇರಕೂಡದು ಎನ್ನುವುದೊಂದೇ ಹೊಸ ಪದ್ಧತಿ. ಒಬ್ಬಳು ತರಕಾರಿ ಮಾರಿ ಬಂದು ಕೂತಳು, ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ ಕೂತಳು, ಸಭಾಪಾಲಕರ ಹೆಂಡತಿ ಹೊಲಿಗೆ ಹಿಡಿದು ಕೂತಳು. ಅವರಲ್ಲಿ ಯಾರಿಗೂ ಬಿಡುವಿರಲಿಲ್ಲ. ಬಿಡುವಿಲ್ಲದವರೇ ಬಿಡುವು ಮಾಡಿಕೊಂಡು ಬರುತ್ತಾರೆ. ಬಿಡುವಿರುವವರಿಗೆ ಪುರುಸೊತ್ತು ಎಲ್ಲಿ? ಬೋಧಿಸಲು ಯಾರೂ ಬರಲಿಲ್ಲ. ಬಾಯಲ್ಲಿ ಕೀರ್ತನೆ ಇದ್ದರೆ ಅದು ಕೈ ಆಡುವ ಲಯಕ್ಕೆ ಗುನುಗಿದ್ದು ಅಷ್ಟೇ. ಹೆಚ್ಚು ಮಾತಾಡಿದವಳು ಟಿಕೆಟ್ಟಮ್ಮನೇ. ಯಾವ ಜೋಡಿ ಕದ್ದು ಸಿನಿಮಾಕ್ಕೆ ಬಂದು ಆಮೇಲೆ ಮದುವೆಯಾದರು, ಯಾವ ದೊಡ್ಡ ಮನುಷ್ಯ ಮುಂದಿನ ಸಾಲಿನ ಅಗ್ಗದ ಟಿಕೆಟ್ಟಿಗೆ ಮುಖ ಮುಚ್ಚಿಕೊಂಡು ಕೈ ಚಾಚುತ್ತಿದ್ದ ಎಂಬುದೆಲ್ಲ ಆ ಕುರ್ಚಿಗೆ ತಿಳಿಯಿತು. ನಕ್ಕೂ ನಕ್ಕೂ ಹೆಂಗಸರು ಕಣ್ಣೊರಸಿಕೊಂಡು ಹೋಗುತ್ತಿದ್ದರು. ಹೊರಗೆ ಒಂದು ಮಾತೂ ಹೋಗಲಿಲ್ಲ.

ಇಸ್ತ್ರಿ ತಾತ ಒಳಗೆ ಬರುತ್ತಿರಲಿಲ್ಲ. ಹಿಂಬಾಗಿಲ ಮೆಟ್ಟಿಲ ಬಳಿ ಒಂದು ಮೇಜು ಹಾಕಿಸಿಕೊಂಡು ಅವಳ ಬೆಡ್‌ಶೀಟುಗಳಿಗೆ ಅಲ್ಲೇ ಇಸ್ತ್ರಿ ಹಾಕುತ್ತಿದ್ದರು. ಬಟ್ಟೆಯ ಒಂದು ಸುಕ್ಕು ಸಾಕು, ಅಂಥ ಚರ್ಮಕ್ಕೆ ಅದು ಕಲ್ಲು ಎಂದು ನರ್ಸಮ್ಮ ಹೇಳಿದ್ದಳು. ಅಂಗೈ ಆಡಿಸಿ ಆಡಿಸಿ ನೋಡಿ, ಸಮಾಧಾನವಾಗದಿದ್ದರೆ ಮತ್ತೆ ನೀರು ಚಿಮುಕಿಸಿ, ಮತ್ತೆ ಒತ್ತುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

“ತಾತ ಪ್ರಾರ್ಥನೆ ಮಾಡ್ತಿದಾರಾ?” ಒಳಗಿಂದ ಟಿಕೆಟ್ಟಮ್ಮ ಕೇಳಿದಳು ಒಂದು ದಿನ. “ಏನೂ ಕೇಳಿಸ್ತಾ ಇಲ್ಲ.”

“ಬಾಯಿಗೆ ಬೀಗ ಹಾಕಿದೀನಮ್ಮ.”

“ನನಗೇ ಕೇಳಿಸದಿದ್ರೆ ಅಷ್ಟು ಮೇಲಿರೋನಿಗೆ ಹೇಗೆ ಕೇಳಿಸುತ್ತೆ? ಜೋರಾಗೇ ಮಾಡಿ. ನನ್ನ ಸೊಂಟವೊಂದು ಬಿಟ್ಟು ಬೇರೆ ಏನಾದ್ರೂ ಕೇಳ್ಕೊಳ್ಳಿ. ಆ ಗಾಡಿಯ ಚಕ್ರಕ್ಕೆ ಸ್ವಲ್ಪ ಎಣ್ಣೆ ಕೇಳಿ.”

ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ ಕತ್ತರಿಯಣ್ಣನಿಗೆ ನೀರು ನೆತ್ತಿಗೇರಿತು. ಹೊರಗೆ ಬಂದು ತಾತನ ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಹೋದ. ಆಮೇಲೆ ಹಳದಿ ದಾರದ ಬಟ್ಟೆಗಳ ಚೀಲ ಮೊಳೆಗೆ ಮರಳಿತು.

ತಿಂಗಳ ಕೊನೆಗೆ ಟಿಕೆಟ್ಟಮ್ಮನ ಅಣ್ಣ ಬಂದ. ಬಾಡಿಗೆ ಕಾರನ್ನು ಬಾಗಿಲಲ್ಲೇ ನಿಲ್ಲಿಸಿ, ಚಾಲಕನಿಗೆ ಹೋಗಬೇಡ ಎಂದು ಹೇಳಿ ಒಳಗೆ ಬಂದ. ತಂಗಿಯ ಒಪ್ಪಿಗೆ ಕೇಳಿ ನರ್ಸಮ್ಮ ಸೊಂಟದ ಪಟ್ಟಿ ಬಿಚ್ಚಿ ತೋರಿಸಿದಳು. ಬಾಯಿ ಬಿಟ್ಟಿದ್ದ ಹುಣ್ಣು ಕಿರಿದಾಗಿ, ಅಂಚುಗಳು ಕೂಡಿಕೊಂಡು, ಎಳೆಯ ಗುಲಾಬಿ ಬಣ್ಣದ ಚರ್ಮ ಹಬ್ಬುತ್ತಿತ್ತು. ಅವನು ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ. ಕುರ್ಚಿಯಲ್ಲಿದ್ದ ಹೆಂಗಸನ್ನು ನೋಡಿದ, ಮೆಟ್ಟಿಲಲ್ಲಿದ್ದ ಮುದುಕರನ್ನು ನೋಡಿದ.

“ಇವರೆಲ್ಲ ಯಾರು?”

“ನನ್ನ ಗಿರಾಕಿಗಳು,” ಎಂದಳು ಟಿಕೆಟ್ಟಮ್ಮ. “ದಿನಾ ಹೌಸ್‌ಫುಲ್. ನಿನಗೆ ಸೀಟಿಲ್ಲ, ನಿಂತ್ಕೊಂಡೇ ನೋಡು.”

ಅಣ್ಣ ನಿಂತುಕೊಂಡೇ ಸ್ವಲ್ಪ ಹೊತ್ತು ನೋಡಿದ. ಭಾವಮೈದುನರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೋಗುವಾಗ ಬಾಗಿಲಲ್ಲಿ, “ಏನಾದ್ರೂ ಬೇಕಾದ್ರೆ ಹೇಳು,” ಎಂದ. ಕಾರು ಖಾಲಿ ಹೋಯಿತು.

ಆಮೇಲೂ ಹೆಂಗಸರು ಬಂದರು. ಹುಣ್ಣು ಪೂರ್ತಿ ಮಾಗಿ ಪಟ್ಟಿ ಬಿಚ್ಚಿದ ಸಂಜೆ, ಕುರ್ಚಿಯಲ್ಲಿದ್ದವಳು ಎದ್ದು ಹೋದ ಮೇಲೆ, ಕತ್ತರಿಯಣ್ಣ ಆ ಕುರ್ಚಿಯಲ್ಲಿ ಕೂತ. ಹೆಂಡತಿಯ ಹಣೆಯ ಮೇಲಿನ ಕೂದಲನ್ನು ಬೆರಳಲ್ಲಿ ಅಳೆದು, ನಾಳೆ ಕತ್ತರಿಸಬೇಕು ಎಂದ.  

“ಒಂದು ಮಾತು ಕೇಳ್ತೀನಿ, ನಡೆಸಿಕೊಡ್ತೀಯಾ?”

“ಏನದು?”

“ಒಳ್ಳೆಯವರು ಅವರು. ಇಲ್ಲ ಅನ್ನಲ್ಲ. ಆದ್ರೆ ಎಷ್ಟು ಅಂತ ಮಾಡಿಸ್ಕೊಳ್ಳೋದು? ದಿನಾ ಬಾಗಿಲು ತೆರೆದಾಗ ತಲೆ ತಗ್ಗುತ್ತೆ ನನಗೆ. ನಿನ್ನಣ್ಣ ಬಂದು ನೋಡಿದ್ದಾಯ್ತು, ಹುಣ್ಣು ಮಾಗಿದ್ದಾಯ್ತು. ಮಧ್ಯಾಹ್ನ ಎರಡು ಸಲ ನಾನೇ ಓಡಿ ಬಂದು ತಿರುಗಿಸಿ ಹೋಗ್ತೀನಿ. ನಾನು ಹೇಳಿದ್ರೆ ಅವರು ಕೇಳಲ್ಲ, ನಗ್ತಾರೆ. ನೀನು ಹೇಳಿದ್ರೆ ಕೇಳ್ತಾರೆ.” ಅವಳ ಆಡುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನಾಳೆಯಿಂದ ಬರೋದು ಬೇಡ ಅಂತ ಹೇಳಿಬಿಡು. ನನಗೋಸ್ಕರ.”

ಟಿಕೆಟ್ಟಮ್ಮ ಅವನ ಮುಖವನ್ನೇ ನೋಡಿದಳು. ಆ ಮುಖದ ಮೇಲೆ ಅವಳಿಗೆ ಕೋಪವಿರಲಿಲ್ಲ, ಇದ್ದದ್ದು ಪ್ರೀತಿಯೇ. ಕೈ ಬಿಡಿಸಿಕೊಳ್ಳಲೂ ಇಲ್ಲ.

“ಹೇಳಲ್ಲ,” ಎಂದಳು.